ಪೋಷಕರಿಗೆ ಪತ್ರ: ತಿಂಡಿ ಪೊಟ್ಟಣದ ಹಿಂಬದಿಯನ್ನೂ ಒಮ್ಮೆ ಓದಿ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದಿರಿ. ಕಾರ್ನ್ ಸಿರಪ್ ಇರುವ ತಿಂಡಿ ಮಕ್ಕಳಿಗೆ ಒಳ್ಳೆಯದಲ್ಲವಂತೆ, ಹಾಗಾದರೆ ಸಕ್ಕರೆ ಹಾಕಿದ್ದು ಕೊಟ್ಟರೆ ಪರವಾಗಿಲ್ವಾ ಅಂತ. ಅಲ್ಲಿ ಸಮಯ ಸಾಲಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಉತ್ತರ ಇಷ್ಟೇ: ಸಕ್ಕರೆಗೂ ಅದೇ ಮಾತು.

ಮೆಕ್ಕೆಜೋಳದ ಪಿಷ್ಟವನ್ನು ಕಿಣ್ವಗಳಿಂದ ಒಡೆದರೆ ಸಿಹಿ ಪಾಕ ಸಿಗುತ್ತದೆ, ಅದೇ ಕಾರ್ನ್ ಸಿರಪ್. ಅದರಲ್ಲಿರುವ ಗ್ಲೂಕೋಸಿನ ಒಂದು ಪಾಲನ್ನು ಫ್ರಕ್ಟೋಸ್ ಅನ್ನುವ ಇನ್ನೊಂದು ಬಗೆಯ ಸಕ್ಕರೆ ಮಾಡಿದರೆ ಹೈ ಫ್ರಕ್ಟೋಸ್ ಕಾರ್ನ್ ಸಿರಪ್. ಹೆಚ್ಚು ಬಳಕೆಯಲ್ಲಿರುವ ಎರಡು ಬಗೆಗಳಲ್ಲಿ ಫ್ರಕ್ಟೋಸ್ ಶೇ 42 ಅಥವಾ ಶೇ 55. ಮಾಮೂಲಿ ಸಕ್ಕರೆಯಲ್ಲಿ ಅರ್ಧಕ್ಕರ್ಧ. ಈ ಚೂರು ವ್ಯತ್ಯಾಸ ಹಿಡಿದು ಒಂದನ್ನು ವಿಷ, ಇನ್ನೊಂದನ್ನು ಒಳ್ಳೆಯದು ಅನ್ನೋದರಲ್ಲಿ ಅರ್ಥವಿಲ್ಲ. ಜೇನುತುಪ್ಪವೂ ಇದೇ ಸಾಲಿಗೆ ಸೇರುತ್ತದೆ.

ನೋಡಬೇಕಾದದ್ದು ಒಟ್ಟು ಎಷ್ಟು ಹೊಟ್ಟೆಗೆ ಹೋಯಿತು ಅನ್ನುವುದನ್ನು. ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಿಹಿಯ ಪಾಲು ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ದಿನಕ್ಕೆ 1600 ಕ್ಯಾಲೊರಿ ಬೇಕಾಗುವ ಮಗುವಿಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 40 ಗ್ರಾಂ, ಅಂದರೆ 10 ಟೀ ಚಮಚ. 330 ಮಿಲಿಯ ಒಂದು ಕ್ಯಾನ್ ಕೋಲಾದಲ್ಲೇ ಸುಮಾರು 35 ಗ್ರಾಂ ಇರುತ್ತದೆ, ಆಮೇಲೆ ಬಿಸ್ಕೆಟ್ಟು, ಕೆಚಪ್ಪು, ಬೆಳಗಿನ ಸೀರಿಯಲ್ಲು, ಫ್ಲೇವರ್ ಹಾಕಿದ ಮೊಸರು ಅಂತ ನಾವು ಸಿಹಿತಿಂಡಿ ಅಂದುಕೊಳ್ಳದ ಪದಾರ್ಥಗಳೆಲ್ಲ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ.

ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯನ್ನು ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಒಂದೇ ಸಕ್ಕರೆಯ ಬದಲು ಸ್ವಲ್ಪ ಸಕ್ಕರೆ, ಸ್ವಲ್ಪ ಗ್ಲೂಕೋಸ್ ಸಿರಪ್, ಸ್ವಲ್ಪ ಡೆಕ್ಸ್‌ಟ್ರೋಸ್, ಸ್ವಲ್ಪ ಇನ್ವರ್ಟ್ ಸಿರಪ್ ಹಾಕಿದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ, ಎಲ್ಲ ಸೇರಿಸಿದರೆ ಸಿಹಿಯೇ ಮೊದಲ ಸ್ಥಾನಕ್ಕೆ ಬಂದರೂ ಬರಬಹುದು. ಹಾಗಾಗಿ ಹೆಸರುಗಳ ಜೊತೆಗೆ ಪೋಷಕಾಂಶಗಳ ಕೋಷ್ಟಕದಲ್ಲಿ ಸಕ್ಕರೆಯ ಸಾಲನ್ನೂ ನೋಡಿ. ಅಲ್ಲಿರುವ ಗ್ರಾಂ ಅನ್ನು 4ರಿಂದ ಭಾಗಿಸಿದರೆ ಎಷ್ಟು ಚಮಚ ಅಂತ ಗೊತ್ತಾಗುತ್ತದೆ. ಆ ಲೆಕ್ಕ 100 ಗ್ರಾಂಗೋ, ಒಂದು ಸಲ ತಿನ್ನುವ ಪ್ರಮಾಣಕ್ಕೋ ಅನ್ನುವುದನ್ನು ಮರೆಯದೆ ಗಮನಿಸಿ, ಯಾಕಂದರೆ ಮಕ್ಕಳು ಪೊಟ್ಟಣ ಪೂರ್ತಿ ಖಾಲಿ ಮಾಡುತ್ತಾರೆ ಅಲ್ವಾ.

ಹಣ್ಣು ಹಾಗೇ ತಿನ್ನಲಿ, ಅದಕ್ಕೆ ಯಾವ ಮಿತಿಯೂ ಹೇಳುತ್ತಿಲ್ಲ. ಜ್ಯೂಸ್ ಮಾತ್ರ ಬೇರೆ, ಸಕ್ಕರೆ ಹಾಕದಿದ್ದರೂ ಅದು ಮೇಲಿನ ಲೆಕ್ಕಕ್ಕೇ ಸೇರುತ್ತದೆ. ಸಕ್ಕರೆ ಬದಲಿಗೆ ಸುಕ್ರಲೋಸ್, ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿ ಹಾಕಿದ ಪಾನೀಯ ಕೊಡಬಹುದಾ ಅಂತಲೂ ಕೆಲವರು ಕೇಳಿದಿರಿ. ತೂಕ ಇಳಿಸಲು ಅವನ್ನು ನೆಚ್ಚಿಕೊಳ್ಳಬೇಡಿ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ನಾಲಿಗೆಗೆ ಅತಿ ಸಿಹಿಯ ರೂಢಿ ಹಾಗೇ ಉಳಿಯುತ್ತದೆ ಅನ್ನುವುದು ನನ್ನ ಚಿಂತೆ. ಬಾಯಾರಿಕೆಗೆ ನೀರೇ ಸಾಕು.

ಇದನ್ನೆಲ್ಲ ಹೇಳಿ ಮಕ್ಕಳನ್ನು ಹೆದರಿಸಬೇಡಿ, ಹುಟ್ಟುಹಬ್ಬದ ಕೇಕನ್ನು ಕಿತ್ತುಕೊಳ್ಳಲೂ ಬೇಡಿ. ದಿನಾ ಬ್ಯಾಗಿನಲ್ಲಿ ಬರುವ ತಿಂಡಿಯ ಬಗ್ಗೆ ಮಾತ್ರ ನನ್ನ ಕಾಳಜಿ. ಮುಂದಿನ ವಾರ 5ನೇ ತರಗತಿಯ ಮಕ್ಕಳು ಗಣಿತದ ಪಾಠಕ್ಕೆ ಈ ಚಮಚದ ಲೆಕ್ಕವನ್ನೇ ಮಾಡಲಿದ್ದಾರೆ. ಮನೆಯಲ್ಲಿ ಖಾಲಿಯಾದ ತಿಂಡಿ ಪೊಟ್ಟಣಗಳಿದ್ದರೆ ಒರೆಸಿ ಅವರ ಕೈಯಲ್ಲಿ ಕಳಿಸಿಕೊಡಿ.

ನಿಮ್ಮ,
ಮುಖ್ಯ ಶಿಕ್ಷಕಿ