54 ಮೆಟ್ಟಿಲು ಹತ್ತಿಸಿದವರಿಗೆ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಐದು ದಿನ ಉಳಿದಿರುವಾಗ ನನ್ನ ಅವ್ವ ಮನೆಗೆ ಮರಳಿದಳು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಮಡಿಕೇರಿ ಬಿಟ್ಟವಳು, ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಆರೈಕೆ ಎಂದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೊರಗೇ ಇದ್ದು, 79ನೆಯ ವಯಸ್ಸಿನಲ್ಲಿ ತನ್ನ ಜಗುಲಿಯ ಮೇಲೆ ಮತ್ತೆ ಕುಳಿತಳು. ರಸ್ತೆಯಿಂದ ನಮ್ಮ ಮನೆಗೆ 54 ಮೆಟ್ಟಿಲುಗಳಿವೆ. ಅಷ್ಟನ್ನೂ ಆಕೆ ಬೆತ್ತದ ಕುರ್ಚಿಯಲ್ಲಿ ಕುಳಿತೇ ಏರಿದಳು. ಕುರ್ಚಿ ಹೊತ್ತವರು ನಾಲ್ವರು, ಬಿಸಿಲಿಗೆ ಕೊಡೆ ಹಿಡಿದವಳು ಒಬ್ಬಳು, ಹಿಂದೆ ಮುಂದೆ ನಡೆಯುತ್ತಾ "ನಿಧಾನ, ನಿಧಾನ" ಎಂದು ಎಚ್ಚರಿಸುತ್ತಿದ್ದವರು ಹತ್ತು ಮನೆಯವರು.

ಈ ಬರಹ ಅವರಿಗೆ. ನಮ್ಮ ಬಡಾವಣೆಯಲ್ಲಿ ಎದುರಿಗೆ ನಿಂತು ಕೃತಜ್ಞತೆ ಹೇಳಿದರೆ ಕೇಳಿದವರ ಮುಖ ಬಾಡುತ್ತದೆ. ಇಷ್ಟು ವರ್ಷ ಜೊತೆಗಿದ್ದು ಈಗ ನಮ್ಮನ್ನು ಹೊರಗಿನವರನ್ನಾಗಿ ಮಾಡಿದೆಯಾ ಎಂದು ಕೇಳುತ್ತಾರೆ. ಹಾಗಾಗಿ ಬರೆದು ಹೇಳುತ್ತಿದ್ದೇನೆ. ಯಾರ ಹೆಸರನ್ನೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ, ಬಡಾವಣೆಯ ಮಕ್ಕಳೆಲ್ಲರೂ ಅವರನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಇಲ್ಲಿಯೂ ಕರೆಯುತ್ತೇನೆ.

ಅಂಚೆ ಇಲಾಖೆಯ ನೌಕರರಾಗಿದ್ದ ಅಪ್ಪ ಇಲ್ಲಿ ಆರು ಸೆಂಟ್ ಜಾಗ ಕೊಂಡದ್ದು 1978ರಲ್ಲಿ. ಪಟ್ಟಣ ಮುಗಿದು ಕಾಫಿ ತೋಟ ಆರಂಭವಾಗುವ ಇಳಿಜಾರು ಅದು. ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿದು ಮಟ್ಟ ಮಾಡಿ, ಒಂದರ ಮಾಡಿನ ಎತ್ತರಕ್ಕೆ ಇನ್ನೊಂದರ ಅಂಗಳ ಬರುವಂತೆ ಒಟ್ಟು 11 ಮನೆಗಳು ಎದ್ದವು. ನಮ್ಮದು ಅರೆಭಾಷೆಯ ಮನೆ. ಕೆಳಗಿನದು ಕೊಡವ ತಕ್ಕಿನದು, ಎಡಗಡೆಯದು ಮಲಯಾಳದ್ದು, ಅದರಾಚೆ ಕೊಂಕಣಿ, ತುಳು, ತಮಿಳು. ಹೊಸ್ತಿಲ ಒಳಗೆ ಅವರವರ ಮಾತು, ಹೊಸ್ತಿಲು ದಾಟಿದೊಡನೆ ಕನ್ನಡ ಎಂಬುದು ಯಾರೂ ಕೂತು ಮಾಡಿದ ನಿಯಮವಲ್ಲ. ಮಳೆಗಾಲದಲ್ಲಿ ಒಬ್ಬರ ಅಂಗಳದ ನೀರು ಇನ್ನೊಬ್ಬರ ಚರಂಡಿಯ ಮೂಲಕವೇ ಹರಿಯಬೇಕಾದ ಜಾಗದಲ್ಲಿ ಪರಸ್ಪರ ಮಾತು ಬಿಟ್ಟು ಬದುಕಲು ಸಾಧ್ಯವೇ ಇರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಅವ್ವ ಬಿದ್ದ ದಿನ ಮನೆಯಲ್ಲಿ ಆಕೆಯೊಬ್ಬಳೇ ಇದ್ದಳು. ಆಟಿಯ 18ನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ಹಂಚಲು ತೂಕುಪಾತ್ರೆ ಹಿಡಿದು ಇಳಿಯುತ್ತಿದ್ದವಳು 31ನೆಯ ಮೆಟ್ಟಿಲಿನಲ್ಲಿ ಜಾರಿದಳಂತೆ. ಲೆಕ್ಕ ಆಕೆಯದೇ. ಸದ್ದು ಕೇಳಿ ಮೊದಲು ಓಡಿಬಂದವರು ನರ್ಸಮ್ಮ. ಆರೋಗ್ಯ ಉಪಕೇಂದ್ರಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತರಾದ ಅವರು, ತೋಳು ಹಿಡಿದು ಎಬ್ಬಿಸಲು ಬಂದ ಹುಡುಗರನ್ನು ಗದರಿಸಿ ದೂರ ನಿಲ್ಲಿಸಿದರು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದನ್ನು ನೋಡಿದೊಡನೆಯೇ ಅವರಿಗೆ ವಿಷಯ ತಿಳಿದಿತ್ತು. ಬೆಂಚಿನ ಹಲಗೆ ತರಿಸಿ, ಎರಡು ಕಾಲುಗಳ ನಡುವೆ ದಿಂಬಿಟ್ಟು ಸೀರೆಯಿಂದ ಕಟ್ಟಿ, ಹಲಗೆಯ ಸಮೇತ ಅವ್ವನನ್ನು ರಸ್ತೆಗೆ ಇಳಿಸಿದರು. 108 ಆಂಬುಲೆನ್ಸ್ ಬರುವವರೆಗೆ ಮಳೆಯಲ್ಲಿ ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು ನಿಂತವರು ನಾಲ್ಕು ಮನೆಯವರು. ನರ್ಸಮ್ಮನವರ ಆ ಗದರಿಕೆಗೆ ನಾನು ಜೀವಮಾನವಿಡೀ ಋಣಿ.

ಕೊಡಗಿಗೆ ರೈಲಿಲ್ಲ, ಮೈಸೂರು ಸುಮಾರು 120 ಕಿಲೋಮೀಟರ್. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಅವ್ವ ಆಸ್ಪತ್ರೆ ತಲುಪಿದಾಗ ನಾನಿನ್ನೂ ಬೆಂಗಳೂರಿನಿಂದ ದಾರಿಯಲ್ಲಿದ್ದೆ. ಮುಂಗಡ ಹಣ ಕಟ್ಟಿದವರು ಬೇಕರಿ ಕಾಕ. ಆ ರಾತ್ರಿ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಇದ್ದಷ್ಟು ನೋಟುಗಳನ್ನು ಬಾಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಎಣಿಸದೆ, ಮಗನ ಕೈಗೆ ಕೊಟ್ಟು ಆಂಬುಲೆನ್ಸ್ ಹತ್ತಿಸಿದ್ದರು. ಅದನ್ನು ಹಿಂತಿರುಗಿಸಲು ಹೋದಾಗ ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ರಸೀದಿ ತೋರಿಸಿ ನಾನೇ ಲೆಕ್ಕ ಹೇಳಬೇಕಾಯಿತು. ಶಸ್ತ್ರಚಿಕಿತ್ಸೆಗೆ ಎರಡು ಯೂನಿಟ್ ರಕ್ತ ಬೇಕೆಂದಾಗ, ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಮೂವರು ಹುಡುಗರು ಬಂದಿಳಿದರು. ದಸರಾ ಮಂಟಪಕ್ಕೆ ಚಂದಾ ಕೇಳಲು ಬಂದಾಗಲೆಲ್ಲ ಓದು ಬಿಟ್ಟು ಅಲೆಯುತ್ತೀರೆಂದು ನಾನು ಬೈದು ಕಳಿಸುತ್ತಿದ್ದ ಹುಡುಗರೇ ಅವರು. ದಸರೆಯ ರಾತ್ರಿ ಮೆರವಣಿಗೆ ಹೊರಡುವ ದಶಮಂಟಪಗಳ ಹಿಂದೆ ಬೆಳಗಿನವರೆಗೂ ನಡೆಯುವ ಹುಡುಗರ ಮೇಲೆ ನನಗಿದ್ದ ಕೋಪವನ್ನು ಆ ಬೆಳಿಗ್ಗೆಯೇ ಬಿಟ್ಟಿದ್ದೇನೆ, ಅವರ ಕ್ಷಮೆಯನ್ನೂ ಇಲ್ಲಿ ಕೇಳುತ್ತೇನೆ.

ನಮ್ಮ ಬಾಗಿಲಿಗೆ ಬೀಗ ಬಿದ್ದ ನಾಲ್ಕು ತಿಂಗಳಲ್ಲಿ ಇಲ್ಲಿ ಏನೇನು ನಡೆಯಿತು ಎಂಬುದು ನನಗೆ ತಿಳಿದದ್ದು ಬಂದ ಮೇಲೆ. ಅವ್ವನ ಆಂಥೂರಿಯಂ ಕುಂಡಗಳು ಮಳೆಗೆ ಕೊಳೆಯದಂತೆ ಸೂರಿನಡಿ ಸರಿದಿದ್ದವು. ಹೆಂಚು ಒಡೆದ ಕಡೆ ಹೊಸ ಹೆಂಚು ಕೂತಿತ್ತು. ವಾರಕ್ಕೊಮ್ಮೆ ಒಳಗೆ ಕೆಂಡದ ಹೊಗೆ ಹಾಕಿದ್ದರಿಂದ ಹಾಸಿಗೆ, ಬಟ್ಟೆಗೆ ಬೂಷ್ಟು ಹಿಡಿದಿರಲಿಲ್ಲ. ಮಡಿಕೇರಿಯ ಮಳೆಗಾಲದಲ್ಲಿ ಮುಚ್ಚಿದ ಮನೆಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ದೇವರ ಮುಂದಿನ ದೀಪವನ್ನು ಕೆಳಮನೆಯ ಸೊಸೆ ದಿನವೂ ಹಚ್ಚಿದ್ದಾಳೆ. ಟೀಚರಮ್ಮ ಪ್ರತಿ ಸಂಜೆ ಚರ್ಚಿನಿಂದ ಮರಳುವಾಗ ನಮ್ಮ ಜಗುಲಿಯ ಬಲ್ಬು ಹಾಕಿ, ರಾತ್ರಿ ಮಲಗುವ ಮುನ್ನ ಬಂದು ಆರಿಸಿದ್ದಾರೆ. ಮನೆ ಕತ್ತಲಲ್ಲಿ ನಿಂತರೆ ನೋಡಲಾಗುವುದಿಲ್ಲ ಎಂಬುದಷ್ಟೇ ಅವರು ಕೊಟ್ಟ ಕಾರಣ. ಟೀಚರಮ್ಮನಿಗೆ ಈಗ 82 ವರ್ಷ. ಇಡೀ ಬಡಾವಣೆಗೆ ಒಂದೇ ದೂರವಾಣಿ ಇದ್ದ ಕಾಲದಲ್ಲಿ ಅದು ಇದ್ದದ್ದು ಅವರ ಮನೆಯಲ್ಲಿ. ನನ್ನ ಪಿಯುಸಿ ಫಲಿತಾಂಶವೂ ಅಜ್ಜನ ಸಾವಿನ ಸುದ್ದಿಯೂ ಅವರ ಬಾಯಿಂದಲೇ ನಮಗೆ ತಲುಪಿದವು. ಸಾವಿನ ಸುದ್ದಿಯನ್ನು ಅವರು ಎಂದೂ ಬೇಲಿಯಾಚೆಯಿಂದ ಕೂಗಿ ಹೇಳಿದವರಲ್ಲ, ಮೆಟ್ಟಿಲು ಹತ್ತಿ ಒಳಗೆ ಬಂದು ಕುಳಿತು ಹೇಳುತ್ತಿದ್ದರು.

ಮೆಟ್ಟಿಲುಗಳ ವಿಷಯವನ್ನಂತೂ ಹೇಳಲೇಬೇಕು. ಕೈಹಿಡಿ ಹಾಕಿಸಿಕೊಡಿ ಎಂದು ಸಂಬಂಧಪಟ್ಟವರಿಗೆ ಹಲವು ಸಲ ಬರೆದುಕೊಂಡಿದ್ದೆವು, ಆಗಿರಲಿಲ್ಲ. ಅವ್ವ ಆಸ್ಪತ್ರೆಯಲ್ಲಿದ್ದಾಗಲೇ ಹತ್ತು ಮನೆಯವರು ಹಣ ಕೂಡಿಸಿ, ಭಾನುವಾರಗಳಲ್ಲಿ ತಾವೇ ಕತ್ತಿಯಿಂದ ಪಾಚಿ ಕೆರೆದು, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಮೇಲಿನಿಂದ ಕೆಳಗಿನವರೆಗೆ ಜಿ.ಐ. ಪೈಪಿನ ಕೈಹಿಡಿ ಹಾಕಿಸಿದ್ದಾರೆ. 31ನೆಯ ಮೆಟ್ಟಿಲ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಸಿಮೆಂಟಿನ ಕಟ್ಟೆಯೂ ಇದೆ. ಅವ್ವ ಈಗ ವಾಕರ್ ಹಿಡಿದು ಅಂಗಳದಲ್ಲಿ ನಡೆಯುತ್ತಾಳೆ. ಬೇಸಿಗೆಯ ಹೊತ್ತಿಗೆ ಆ ಕಟ್ಟೆಯವರೆಗೆ ಇಳಿಯುತ್ತೇನೆಂದು ಹಟ ಹಿಡಿದಿದ್ದಾಳೆ.

ಈ ಜನ ಹೀಗೆ ನಡೆದುಕೊಂಡದ್ದು ಇದೇ ಮೊದಲಲ್ಲ. ಕೃತಜ್ಞತೆಯ ಮಾತು ಕೇಳಿಸಿಕೊಳ್ಳಲು ಇಂದು ಇಲ್ಲದವರನ್ನೂ ನೆನೆಯುವುದು ನನ್ನ ಕರ್ತವ್ಯ. ಗುಡ್ಡಗಳು ಕುಸಿದ 2018ರ ಆ ಮಳೆಗಾಲವನ್ನು ಕೊಡಗಿನಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಜುಲೈ 9ರಂದು ನೆಲ ಸಣ್ಣಗೆ ನಡುಗಿತ್ತು, ಆಗಸ್ಟ್‌ನಲ್ಲಿ ಮಳೆ ನಿಲ್ಲಲೇ ಇಲ್ಲ. ಆಗ ಮೇಲಿನ ಮನೆಯಲ್ಲಿ ಮಿಲಿಟರಿ ಮಾವ ಇದ್ದರು. ಸುಬೇದಾರರಾಗಿ ನಿವೃತ್ತರಾದ ಅವರು ಪ್ರತಿದಿನ ಆರು ಗಂಟೆಗೆ, ಮಳೆಯಿರಲಿ ಮಂಜಿರಲಿ, ಕೋಟು ಟೋಪಿ ಧರಿಸಿ ರಾಜಾಸೀಟಿನವರೆಗೆ ನಡೆದು ಬರುತ್ತಿದ್ದರು. ಬರೆಯ ಬುಡದಲ್ಲಿ ಒಂದು ಸಣ್ಣ ಒರತೆಯಿತ್ತು. ಎಂಥ ಮಳೆಯಲ್ಲಿಯೂ ತಿಳಿಯಾಗಿ ಹರಿಯುತ್ತಿದ್ದ ನೀರು ಅದು. ಆಗಸ್ಟ್ 16ರ ಸಂಜೆ ಅದು ಕೆಂಪು ಕೆಸರಾಗಿ ಹರಿದು, ಸ್ವಲ್ಪ ಹೊತ್ತಿನಲ್ಲಿ ಪೂರ್ತಿ ನಿಂತುಹೋಯಿತು. ಮಳೆ ಸುರಿಯುತ್ತಿರುವಾಗ ಒರತೆ ನಿಂತಿತೆಂದರೆ ನೀರು ಗುಡ್ಡದೊಳಗೆ ಬೇರೆಲ್ಲೋ ಸೇರುತ್ತಿದೆ, ಮಣ್ಣು ಸರಿಯುತ್ತಿದೆ ಎಂದು ಅರ್ಥೈಸಿಕೊಂಡ ಮಾವ, ಕರೆಂಟಿಲ್ಲದ ಕತ್ತಲಲ್ಲಿ ಟಾರ್ಚ್ ಹಿಡಿದು ಉಳಿದ ಹತ್ತು ಮನೆಗಳ ಬಾಗಿಲನ್ನೂ ಬಡಿದರು. ಕೆಲವರು ಬೆಳಿಗ್ಗೆ ನೋಡೋಣ ಎಂದರು. ಅವರು ಒಪ್ಪಲಿಲ್ಲ, ಎಲ್ಲರೂ ರಸ್ತೆಗಿಳಿಯುವವರೆಗೆ ಅಲ್ಲಿಂದ ಕದಲಲಿಲ್ಲ. ನಡುರಾತ್ರಿ ಕಳೆದ ಮೇಲೆ ಬರೆ ಜರಿದು ಮಾವನದೇ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ತುಂಬಿತು. ಜೀವ ಒಂದೂ ಹೋಗಲಿಲ್ಲ.

ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಜನ ಕಳೆದುಕೊಂಡದ್ದರ ಮುಂದೆ ನಮ್ಮದು ಲೆಕ್ಕಕ್ಕೆ ಬರುವ ನಷ್ಟವಲ್ಲ, ಅದನ್ನು ನಾನು ಮರೆತಿಲ್ಲ. ಆದರೂ ಪರಿಹಾರ ಕೇಂದ್ರದ ಸಭಾಂಗಣದಲ್ಲಿ ನಾವು 11 ಮನೆಯವರು ಚಾಪೆಗಳನ್ನು ಒಂದೇ ಮೂಲೆಯಲ್ಲಿ ಹಾಸಿಕೊಂಡಿದ್ದ ದಿನಗಳು ನನ್ನ ಕಣ್ಣ ಮುಂದಿವೆ. ಆಗಸ್ಟ್ 22ರಂದು ಬಕ್ರೀದ್ ಬಂತು. ಬೇಕರಿ ಕಾಕನ ಮನೆಯವರು ಹಬ್ಬದ ಪ್ರಾರ್ಥನೆ ಮುಗಿಸಿ ಬಂದವರೇ ಅಡುಗೆಯ ಸರದಿಯನ್ನು ತಾವು ವಹಿಸಿಕೊಂಡು, ಎಲ್ಲರೂ ತಿನ್ನಬೇಕೆಂದು ಅನ್ನ, ಬೇಳೆಸಾರು, ಶ್ಯಾವಿಗೆ ಪಾಯಸ ಮಾಡಿ ಬಡಿಸಿದರು. ಸೆಪ್ಟೆಂಬರ್ 3ರಂದು, ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲುಮುಹೂರ್ತಕ್ಕೆ ಮಾವ ಕೋವಿ ಪೂಜೆ ಮಾಡಲಿಲ್ಲ, ಮಣ್ಣು ಎತ್ತುತ್ತಿದ್ದ ಗುದ್ದಲಿ ಹಾರೆಗಳಿಗೆ ಕುಂಕುಮ ಹಚ್ಚಿದರು.

ಮಿಲಿಟರಿ ಮಾವ 2021ರಲ್ಲಿ ತೀರಿಕೊಂಡರು. ಕೋವಿಡ್ ನಿರ್ಬಂಧಗಳ ಕಾಲವಾದ್ದರಿಂದ ಅವರನ್ನು ಕಳಿಸಿಕೊಡಲು ನಾವೆಲ್ಲ ಕೂಡಿ ಹೋಗಲಾಗಲಿಲ್ಲ. ಅವರ ದೇಹ ಮೆಟ್ಟಿಲಿಳಿಯುವಾಗ ಅವರವರ ಅಂಗಳದಲ್ಲಿ ನಿಂತು ಕೈಮುಗಿದೆವು. ಆ ಕೊರತೆ ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದು, ಮನೆಮನೆಗೂ ಸಣ್ಣ ಸೀಸೆಯಲ್ಲಿ ಹಂಚುತ್ತಿದ್ದ ಕೆಳಮನೆಯ ಅಜ್ಜಿಯೂ ಈಗಿಲ್ಲ. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡಲು ಪ್ರತಿ ಮನೆಯಲ್ಲಿಯೂ ಕಾವೇರಿ ತೀರ್ಥ ಇರಬೇಕೆಂಬುದು ಆಕೆಯ ನಿಲುವು. 2011ರಲ್ಲಿ ಅಪ್ಪನ ಬಾಯಿಗೆ ನಾನು ಬಿಟ್ಟದ್ದು ಆಕೆ ಕೊಟ್ಟ ಸೀಸೆಯ ತೀರ್ಥವನ್ನೇ. ಈ ಸಲ ಸಂಕ್ರಮಣಕ್ಕೆ ನಾವು ಬೆಂಗಳೂರಿನಲ್ಲಿದ್ದೆವು. ಆಕೆಯ ಮೊಮ್ಮಗ ತಂದ ತೀರ್ಥದ ಸೀಸೆಯೊಂದು ನಮ್ಮ ದೇವರ ಗೂಡಿನಲ್ಲಿ, ಹಚ್ಚಿದ ದೀಪದ ಪಕ್ಕದಲ್ಲಿ ಇತ್ತು.

ಹುತ್ತರಿಯ ರಾತ್ರಿ ಕದಿರು ತೆಗೆಯುವ ಹೊತ್ತಿಗೆ ಅವ್ವನನ್ನು ಗದ್ದೆಗೆ ಕರೆದೊಯ್ಯುವುದು ಸಾಧ್ಯವಿರಲಿಲ್ಲ. ಹೋಗಿ ಬಂದವರು "ಪೊಲಿ ಪೊಲಿ ದೇವಾ" ಎನ್ನುತ್ತಾ ನೇರವಾಗಿ ನಮ್ಮ ಅಂಗಳಕ್ಕೆ ಹತ್ತಿ ಬಂದು, ಮೊದಲ ಕದಿರನ್ನು ಆಕೆಯ ಕೈಯಿಂದಲೇ ನಮ್ಮ ಬಾಗಿಲಿಗೆ ಕಟ್ಟಿಸಿದರು. ಅವ್ವ ಅತ್ತದ್ದನ್ನು ನಾನು ತೀರಾ ಅಪರೂಪಕ್ಕೆ ಕಂಡಿದ್ದೇನೆ. ಅಂದು ಕಂಡೆ.

ನರ್ಸಮ್ಮ, ಟೀಚರಮ್ಮ, ಬೇಕರಿ ಕಾಕ ಮತ್ತು ಅವರ ಮಗ, ಕೆಳಮನೆಯ ಸೊಸೆ, ರಕ್ತ ಕೊಟ್ಟ ಮೂವರು, ಕುರ್ಚಿ ಹೊತ್ತ ನಾಲ್ವರು, ಹೆಂಚು ಬದಲಿಸಿದ ಮೇಸ್ತ್ರಿಯಣ್ಣ, ಮತ್ತೆ ನನ್ನ ಗಮನಕ್ಕೆ ಬಾರದಂತೆ ಇನ್ನೂ ಏನೇನೋ ಮಾಡಿರುವ ಎಲ್ಲರಿಗೂ ನನ್ನ ಮತ್ತು ಅವ್ವನ ನಮಸ್ಕಾರ. ಬಂದ ದಿನದಿಂದ ನೀವು ಊಟ ಕಳಿಸಿದ ಪಾತ್ರೆಗಳೆಲ್ಲ ಜಗುಲಿಯ ಮೇಲೆ ಜೋಡಿಸಿಟ್ಟಿವೆ, ಒಟ್ಟು 17. ಖಾಲಿ ಪಾತ್ರೆ ಹಿಂತಿರುಗಿಸುವುದಕ್ಕೆ ಅವ್ವ ಒಪ್ಪುತ್ತಿಲ್ಲ. ಬರುವ ಭಾನುವಾರ ಹುತ್ತರಿ ಗೆಣಸು ಬೇಯಿಸುತ್ತೇವೆ, ಜೊತೆಗೆ ಜೇನು, ಬೆಲ್ಲ, ತುಪ್ಪ ಇರುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಎಲ್ಲರೂ ಬನ್ನಿ. ಹಿಡಿ ಸಡಿಲಾದ ಸ್ಟೀಲ್ ಟಿಫಿನ್ ಕ್ಯಾರಿಯರ್ ಯಾರದೆಂದು ಇನ್ನೂ ಗೊತ್ತಾಗಿಲ್ಲ, ಅದರ ಹಿಡಿಯನ್ನು ಸರಿಮಾಡಿಸಿ ಇಟ್ಟಿದ್ದೇನೆ.