ಮೀಟಿದ ನಂತರದ ಸ್ವರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ನೆಚ್ಚಿನ ಗಿಟಾರ್ ವಾದಕರ ಪಟ್ಟಿ ಕೈಸೇರಿತು. ಹೆಸರುಗಳೇನೋ ಒಳ್ಳೆಯವೇ. ಆದರೆ ಒಬ್ಬೊಬ್ಬರ ಮುಂದೆಯೂ ಸೆಕೆಂಡಿಗೆ ಎಷ್ಟು ಸ್ವರ ನುಡಿಸುತ್ತಾರೆ ಎಂಬ ಲೆಕ್ಕ ಬರೆದು, ಅಡಿಯಲ್ಲಿ ‘ನನ್ನ ಬೆರಳುಗಳು ಈ ಜನ್ಮದಲ್ಲಿ ಇಷ್ಟು ಓಡುವುದಿಲ್ಲ’ ಎಂದು ಸೇರಿಸಿದ್ದೀಯಲ್ಲ, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಇಷ್ಟು ಆಸೆಪಟ್ಟು ಕಲಿಯುತ್ತಿರುವ ಹುಡುಗಿ ತಪ್ಪು ಅಳತೆಗೋಲು ಹಿಡಿದು ತಾನು ಸೋತೆ ಎಂದುಕೊಳ್ಳುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗದು. ಅದಕ್ಕೇ ಈ ಉದ್ದದ ಪತ್ರ. ಬೇಸರಿಸದೆ ಓದು.

ವಾದ್ಯದ ಸ್ವಭಾವದಿಂದಲೇ ಶುರುಮಾಡುತ್ತೇನೆ. ಕೊಳಲಿಗೆ ಉಸಿರಿದೆ, ಪಿಟೀಲಿಗೆ ಕಮಾನಿದೆ. ನುಡಿಸುವವರು ಸ್ವರವನ್ನು ಹಿಡಿದು ನಿಲ್ಲಿಸಬಹುದು, ನಡುವೆ ಉಬ್ಬಿಸಬಹುದು. ಗಿಟಾರಿಗೆ ಆ ಭಾಗ್ಯವಿಲ್ಲ. ಮೀಟಿದ ಕ್ಷಣದಲ್ಲಿ ಸ್ವರಕ್ಕೆ ಎಷ್ಟು ಬಲವಿರುತ್ತದೋ ಅಷ್ಟೇ. ಅಲ್ಲಿಂದಾಚೆಗೆ ಅದು ಇಳಿಯುತ್ತಲೇ ಹೋಗುತ್ತದೆ. ತಂತಿಯ ಕಂಪನ ತಂತಿಗಳನ್ನು ಹೊತ್ತ ಬ್ರಿಜ್ ದಾಟಿ ಹಲಗೆಗೆ, ಹಲಗೆಯಿಂದ ಗಾಳಿಗೆ ಹರಿದು ಮುಗಿಯುತ್ತದೆ. ನನ್ನ ನೆಚ್ಚಿನ ವಾದಕರೆಲ್ಲ ಈ ಒಂದು ಕೊರತೆಗೆ ತಮ್ಮ ಕೈಯಿಂದಲೇ ಒಂದೊಂದು ಉತ್ತರ ಕಂಡುಕೊಂಡವರು. ಎರಡು ಸ್ವರ ಕಿವಿಗೆ ಬೀಳುತ್ತಲೇ ಇವರು ಇಂಥವರೇ ಎಂದು ಗುರುತು ಸಿಗುವುದು ಆ ಉತ್ತರದಿಂದ. ಇನ್ನು ಮುಂದೆ ಯಾರನ್ನೇ ಕೇಳು, ತಂತಿ ಮೀಟಿದ ಮೇಲೆ ಆ ಸ್ವರವನ್ನು ಅವರು ಏನು ಮಾಡುತ್ತಾರೆ ಎಂಬುದರ ಮೇಲೆ ಕಿವಿಯಿಡು.

ಬಿ.ಬಿ. ಕಿಂಗ್ ಅವರನ್ನು ನೀನು ಪಟ್ಟಿಯ ಕೊನೆಗೆ ತಳ್ಳಿದ್ದೀಯ. ನಾನಾಗಿದ್ದರೆ ಅವರಿಂದಲೇ ಆರಂಭಿಸುತ್ತಿದ್ದೆ. 1925ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಅವರಿಗೆ ಬುಕ್ಕಾ ವೈಟ್ ಎಂಬ ಬ್ಲೂಸ್ ವಾದಕರು ಬಂಧು. ವೈಟ್ ತಂತಿಯ ಮೇಲೆ ಸ್ಲೈಡ್ ಎಂಬ ನಳಿಗೆಯನ್ನು ಜಾರಿಸಿ ಸ್ವರ ಅಳುವಂತೆ ಮಾಡುತ್ತಿದ್ದರು. ಆ ದನಿಗೆ ಮಾರುಹೋದ ಕಿಂಗ್ ಅವರಿಗೆ ಸ್ಲೈಡ್ ಮಾತ್ರ ಒಗ್ಗಲಿಲ್ಲ. ಅದೇ ಕಂಪನವನ್ನು ಬರಿಗೈಯಲ್ಲಿ ತರಲು ಹೊರಟು ಅವರು ತಮ್ಮದೇ ಒಂದು ಕ್ರಮ ಕಂಡುಕೊಂಡರು. ಅವರ ವಿಡಿಯೊ ಹಾಕಿ, ಎಡಗೈಯನ್ನು ಹತ್ತಿರದಿಂದ ನೋಡು. ತೋರುಬೆರಳು ತಂತಿಯನ್ನು ಒತ್ತಿ ನಿಂತಿರುತ್ತದೆ. ಹೆಬ್ಬೆರಳು ಗಿಟಾರಿನ ಕತ್ತಿನಿಂದ ಬಿಟ್ಟುಕೊಂಡಿರುತ್ತದೆ. ಉಳಿದ ಬೆರಳುಗಳು ಬಿಡಿಸಿಕೊಂಡು, ಇಡೀ ಕೈ ಆ ಒಂದು ಬೆರಳ ತುದಿಯನ್ನು ಆಧಾರ ಮಾಡಿಕೊಂಡು ಚಿಟ್ಟೆಯ ರೆಕ್ಕೆಯಂತೆ ಅದುರುತ್ತದೆ. ಸ್ವರ ಕ್ಷೀಣಿಸುವ ಹೊತ್ತಿಗೆ ಕಂಪನ ಅದನ್ನು ಹಿಡಿದೆತ್ತುತ್ತದೆ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ. ಹಾಡು ನಿಂತಲ್ಲಿ ಅದು ಮಾತು ಎತ್ತಿಕೊಳ್ಳುತ್ತದೆ. 1964ರ ನವೆಂಬರ್‌ನಲ್ಲಿ ಷಿಕಾಗೋದ ರೀಗಲ್ ಥಿಯೇಟರ್‌ನಲ್ಲಿ ಅವರು ಕೊಟ್ಟ ಕಛೇರಿಯ ಧ್ವನಿಮುದ್ರಣ ಸಿಗುತ್ತದೆ. ಬಿಡುವು ಮಾಡಿಕೊಂಡು ಕೇಳು. ಅವರ ದನಿಗೂ ಗಿಟಾರಿಗೂ ಜನ ಕೂಗಿ ಸ್ಪಂದಿಸುವುದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಜನರ ಕೂಗಿಗೂ ವೇಗಕ್ಕೂ ಯಾವ ಸಂಬಂಧವೂ ಇಲ್ಲ.

ವೆಸ್ ಮಾಂಟ್ಗೊಮರಿ ಅವರ ಉತ್ತರವೇ ಬೇರೆ. ಅಮೆರಿಕದ ಇಂಡಿಯಾನಾಪೊಲಿಸ್‌ನವರು, ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಕ್ಲಬ್ಬುಗಳಲ್ಲಿ ಜಾಜ್ ನುಡಿಸುತ್ತಿದ್ದರು. ಅವರು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸಲಿಲ್ಲ, ಹೆಬ್ಬೆರಳಿನ ಮಾಂಸದಿಂದ ಮೀಟಿದರು. ರಾತ್ರಿಯ ಅಭ್ಯಾಸದಲ್ಲಿ ಸದ್ದು ತಗ್ಗಿಸಲು ಹಾಗೆ ರೂಢಿಸಿಕೊಂಡರು ಎಂದು ಹೇಳುತ್ತಾರೆ. ಪಿಕ್ ಕೊಡುವ ಚುರುಕು ಅಂಚು ಹೆಬ್ಬೆರಳಿಗೆ ಬರುವುದಿಲ್ಲ. ಅವರ ಸ್ವರಕ್ಕೆ ಗಾತ್ರ ಬಂದದ್ದು ಇನ್ನೊಂದು ದಾರಿಯಿಂದ: ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವುದು. ಎಡಗೈಯ ಎರಡು ಬೆರಳು ಎರಡು ತಂತಿಗಳನ್ನು ಒತ್ತುತ್ತವೆ, ನಡುವಿನ ತಂತಿಯನ್ನು ತೋರುಬೆರಳಿನ ಬದಿ ಸವರಿ ಮೂಕವಾಗಿಸುತ್ತದೆ, ಹೆಬ್ಬೆರಳು ಮೂರರ ಮೇಲೂ ಒಮ್ಮೆಗೇ ಹಾದುಹೋಗುತ್ತದೆ. ಅವರು ಕಲ್ಪನೆಯನ್ನು ಬೆಳೆಸುವ ಕ್ರಮವನ್ನೂ ಗಮನಿಸು. ಮೊದಲು ಒಂಟಿ ಸ್ವರಗಳು, ಆಮೇಲೆ ಈ ಜೋಡಿ ಸ್ವರಗಳು, ಕಡೆಗೆ ಹಲವು ಸ್ವರ ಒಟ್ಟಿಗೆ ನುಡಿಯುವ ತುಂಬು ಕಾರ್ಡ್‌ಗಳು. ಇಡೀ ಭಾಗವನ್ನು ಅವಸರವಿಲ್ಲದೆ ಕೇಳಿದರೆ ಮಾತ್ರ ಆ ಏರಿಕೆ ತಿಳಿಯುತ್ತದೆ. ಅವರು 1968ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಇನ್ನಷ್ಟು ವರ್ಷ ಇದ್ದಿದ್ದರೆ ಏನೆಲ್ಲ ಕೊಡುತ್ತಿದ್ದರೋ ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಜಾಂಗೋ ರೈನ್‌ಹಾರ್ಟ್ ಅವರ ಕಥೆ ನಿನಗೆ ಗೊತ್ತಿರುತ್ತದೆ. 1928ರಲ್ಲಿ ಮನೆಯಾಗಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಮುದುಡಿಹೋದವು. ಉಳಿದೆರಡು ಬೆರಳುಗಳಲ್ಲೇ ಅವರು ಕಲ್ಪನಾಸ್ವರಗಳನ್ನು ನುಡಿಸಿದರು. ಎಲ್ಲರೂ ಇದನ್ನೇ ಹೇಳಿ ನಿಲ್ಲಿಸಿಬಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಪಕ್ಕದಲ್ಲಿ ಕುಳಿತವರು ಯಾರು ಎಂಬುದು: ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲಿ. ಪ್ಯಾರಿಸ್ಸಿನಲ್ಲಿ 1934ರಲ್ಲಿ ಸೇರಿದ ಅವರ ತಂಡದಲ್ಲಿ ಡ್ರಮ್ ಇರಲಿಲ್ಲ, ಇದ್ದದ್ದೆಲ್ಲ ತಂತಿವಾದ್ಯ. ಸ್ವರವನ್ನು ಎಳೆದು ನಿಲ್ಲಿಸಬಲ್ಲ ಪಿಟೀಲಿನ ಪಕ್ಕದಲ್ಲಿ, ಬೇಗ ಆರಿಹೋಗುವ ದನಿಯ ಗಿಟಾರ್ ತಲೆ ತಗ್ಗಿಸದೆ ನಿಲ್ಲಬೇಕಿತ್ತು. ರೈನ್‌ಹಾರ್ಟ್ ಒಂದೇ ಕಾರ್ಡನ್ನು ಅತಿ ವೇಗವಾಗಿ ಮೀಟಿ ಮೊರೆಯಿಸುತ್ತಾರೆ, ಉದ್ದ ಸ್ವರಗಳನ್ನು ಅಗಲವಾಗಿ ಅದುರಿಸುತ್ತಾರೆ, ಎರಡು ಸ್ವರಗಳ ನಡುವಿನ ಜಾಗವನ್ನು ಅರ್ಧರ್ಧ ಸ್ವರಗಳಿಂದ ತುಂಬಿಬಿಡುತ್ತಾರೆ. ಅಲ್ಲಿರುವ ವೇಗಕ್ಕೆ ಒಂದು ಕಾರಣವಿದೆ.

ಗಿಟಾರಿಗೆ ವಿದ್ಯುತ್ ಬಂದ ಮೇಲೆ ಲೆಕ್ಕವೇ ಬದಲಾಯಿತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಜ್ ತಂಡ ಸೇರಿದ ಚಾರ್ಲಿ ಕ್ರಿಸ್ಚಿಯನ್ ಅವರು ಆಂಪ್ಲಿಫೈಯರ್ ಬಲದಿಂದ, ಸ್ಯಾಕ್ಸೊಫೋನಿನವರು ನುಡಿಸುವಂಥ ಉದ್ದುದ್ದ ಸಾಲುಗಳನ್ನು ಗಿಟಾರಿನಲ್ಲಿ ಕೇಳಿಸಿದರು. ಇಪ್ಪತ್ತೈದರ ವಯಸ್ಸಿನಲ್ಲಿ ಕ್ಷಯ ಅವರನ್ನು ಕೊಂಡೊಯ್ದಿತು. ಮಾಂಟ್ಗೊಮರಿ ಕಲಿತದ್ದು ಅವರ ಧ್ವನಿಮುದ್ರಿಕೆಗಳನ್ನು ಕೇಳಿಯೇ. ಆಮೇಲೆ ಬಂದ ಜಿಮಿ ಹೆಂಡ್ರಿಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ಪೀಕರಿನಿಂದ ಹೊರಟ ಸದ್ದು ತಿರುಗಿ ಬಂದು ಅದೇ ತಂತಿಯನ್ನು ಅಲುಗಿಸಿದರೆ ಸ್ವರ ಆರುವುದೇ ಇಲ್ಲ. ಫೀಡ್‌ಬ್ಯಾಕ್ ಎನ್ನುವುದು ಇದನ್ನೇ. ಧ್ವನಿವರ್ಧಕದವರು ದೋಷವೆಂದು ಓಡಿಸುತ್ತಿದ್ದ ಆ ಕಿರುಚಾಟವನ್ನು ಅವರು ಗಿಟಾರನ್ನು ಸ್ಪೀಕರಿನತ್ತ ತಿರುಗಿಸಿ, ಹತ್ತಿರ ದೂರ ಮಾಡಿ ಪಳಗಿಸಿದರು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಅವರು ನುಡಿಸಿದ ಅಮೆರಿಕದ ರಾಷ್ಟ್ರಗೀತೆಯಲ್ಲಿ ಇದು ಎದೆ ನಡುಗಿಸುವಂತಿದೆ. ಹಾಗೆಂದು ಅವರನ್ನು ಬರೀ ಅಬ್ಬರದವರು ಎಂದುಕೊಳ್ಳಬೇಡ. ನಿಧಾನದ ಹಾಡುಗಳಲ್ಲಿ ಹೆಬ್ಬೆರಳನ್ನು ಕತ್ತಿನ ಮೇಲಿನಿಂದ ಬಳಸಿ ಮಂದ್ರ ತಂತಿಯನ್ನು ಒತ್ತಿ, ಉಳಿದ ಬೆರಳುಗಳಲ್ಲಿ ಕಾರ್ಡಿನ ಸುತ್ತ ಚಿಕ್ಕ ಚಿಕ್ಕ ಸಂಗತಿಗಳನ್ನು ಹೆಣೆಯುತ್ತಾರೆ. ನನಗೆ ಅತಿ ಪ್ರಿಯವಾದ ಹೆಂಡ್ರಿಕ್ಸ್ ಅಲ್ಲಿದ್ದಾರೆ.

ಜೆಫ್ ಬೆಕ್ ಅವರನ್ನು ನೀನು ಬಿಟ್ಟೇಬಿಟ್ಟಿದ್ದೀಯ. ಅವರನ್ನು ಇವತ್ತೇ ಸೇರಿಸಿಕೋ. ಅವರು ಪಿಕ್ಕನ್ನು ಕೈಬಿಟ್ಟು ಬೆರಳಲ್ಲೇ ಮೀಟತೊಡಗಿದರು. ಬಲಗೈಯ ಕಿರುಬೆರಳು ವಾಲ್ಯೂಮ್ ಗುಂಡಿಯ ಮೇಲಿರುತ್ತದೆ. ಗುಂಡಿ ಸೊನ್ನೆಯಲ್ಲಿದ್ದಾಗ ಮೀಟಿ, ಮೀಟಿದ ಮೇಲೆ ಅದನ್ನು ಏರಿಸಿದರೆ ಮೀಟಿನ ‘ಟಣ್’ ಎನ್ನುವ ಆರಂಭ ಕೇಳಿಸುವುದಿಲ್ಲ. ಸ್ವರ ಕಂಠದಿಂದ ಹೊರಟಂತೆ ಉಬ್ಬಿಕೊಂಡು ಬರುತ್ತದೆ. ಜೊತೆಗೆ ಬ್ರಿಜ್‌ಗೆ ಸೇರಿದ ಸನ್ನೆಕೋಲನ್ನು ಅಂಗೈಯಿಂದ ಒತ್ತಿ, ಸಡಿಲಿಸಿ ಸ್ವರವನ್ನು ಬಾಗಿಸುತ್ತಾರೆ. 

ಬಾಗಿಸುವ ಮಾತು ಬಂದಾಗ ಗಮಕ ಕೇಳಿ ಬೆಳೆದ ನಮ್ಮ ಕಿವಿ ಸಹಜವಾಗಿಯೇ ನಿಮಿರುತ್ತದೆ. ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರ ಜೊತೆ ‘ಶಕ್ತಿ’ ತಂಡ ಕಟ್ಟಿದಾಗ ಮಾಮೂಲಿ ಗಿಟಾರ್ ಸಾಕಾಗಲಿಲ್ಲ. ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ, ಅಡ್ಡಲಾಗಿ ಅನುರಣನದ ತಂತಿಗಳಿರುವ ವಾದ್ಯವನ್ನು ಮಾಡಿಸಿಕೊಂಡರು. ಬೆರಳಿಗೆ ಮರ ತಾಗದಿದ್ದರೆ ತಂತಿಯನ್ನು ಎಳೆಯುವುದು ಸಲೀಸು. ಬ್ರಿಜ್ ಭೂಷಣ್ ಕಾಬ್ರಾ ಅವರಂತೂ ಫ್ರೆಟ್‌ಗಳ ಹಂಗನ್ನೇ ತೊರೆದು, ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಉಕ್ಕಿನ ಸರಳು ಜಾರಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಅಲಿ ಅಕ್ಬರ್ ಖಾನ್ ಅವರ ಶಿಷ್ಯರಲ್ಲವೇ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹಾಗೆ ಬಂದಿದೆ. ವಿಶ್ವಮೋಹನ ಭಟ್ಟರ ಮೋಹನ ವೀಣೆಯೂ ಇದೇ ಕುಲದ್ದು.

ಇನ್ನು ಎಲಿಜಬೆತ್ ಕಾಟನ್. ಈ ಹೆಸರನ್ನು ನೀನು ಕೇಳಿರಲಾರೆ. ಎಡಗೈಯವರು. ಬಲಗೈಯವರಿಗೆಂದು ತಂತಿ ಕಟ್ಟಿದ ಗಿಟಾರನ್ನು ಹಾಗೆಯೇ ತಲೆಕೆಳಗು ಹಿಡಿದು, ಬೆರಳುಗಳಲ್ಲಿ ಮಂದ್ರ, ಹೆಬ್ಬೆರಳಲ್ಲಿ ಹಾಡಿನ ಧಾಟಿ ನುಡಿಸಿದರು. ಎಲ್ಲರೂ ಮಾಡುವುದಕ್ಕೆ ಇದು ತದ್ವಿರುದ್ಧ. ಹುಡುಗಿಯಾಗಿದ್ದಾಗಲೇ ಹಾಡು ಕಟ್ಟಿದ್ದ ಈ ತಾಯಿ ದಶಕಗಳ ಕಾಲ ಗಿಟಾರ್ ಬಿಟ್ಟಿದ್ದರು. ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಾಗ ಅದನ್ನು ಮತ್ತೆ ಕೈಗೆತ್ತಿಕೊಂಡರು. 1985ರಲ್ಲಿ ಗ್ರ್ಯಾಮಿ ಬಂದಾಗ ತೊಂಬತ್ತು ದಾಟಿತ್ತು. ಅವರು ಸ್ವರವನ್ನು ಅದುರಿಸುವುದಿಲ್ಲ, ಬಾಗಿಸುವುದೂ ಇಲ್ಲ. ಒಂದು ಸ್ವರ ಆರುವ ಮೊದಲೇ ಕೆಳಗಿನಿಂದ ಮಂದ್ರದ ಸ್ವರ ಬಂದು ಅದನ್ನು ಎತ್ತಿಕೊಳ್ಳುತ್ತದೆ, ಅಷ್ಟೇ. ಸದ್ಯಕ್ಕೆ ನಿನ್ನ ಕೈಗೆ ಎಟುಕುವ ವಾದನವೂ ಇದೇ, ನೋಡು.

ವೇಗವನ್ನು ನಾನು ಹಗುರವಾಗಿ ಕಾಣುತ್ತಿದ್ದೇನೆ ಎಂದು ತಿಳಿಯಬೇಡ. ನೀನು ಮೊದಲ ಸ್ಥಾನ ಕೊಟ್ಟ ಪಾಕೊ ದೆ ಲೂಸಿಯಾ ನನಗೂ ಪೂಜ್ಯರು. ಆದರೆ ಅವರ ವೇಗ ಎಲ್ಲಿಂದ ಹುಟ್ಟುತ್ತದೆ, ಕೇಳು. ಸ್ಪೇನಿನ ಫ್ಲಾಮೆಂಕೊ ಶೈಲಿಯ ಗಿಟಾರಿನ ಮೈ ಹಗುರ, ಸ್ವರ ಒಣದಾಗಿ ಬೇಗ ಮುಗಿಯುತ್ತದೆ. ಸ್ವರವನ್ನು ಉಳಿಸುವ ಹಟಕ್ಕೆ ಅವರು ಹೋಗಲೇ ಇಲ್ಲ. ಅದು ಮುಗಿಯುವುದನ್ನೇ ತಾಳಕ್ಕೆ ದುಡಿಸಿಕೊಂಡರು. ತೋರುಬೆರಳು, ಮಧ್ಯದ ಬೆರಳು ಸರದಿಯಲ್ಲಿ ಮೀಟುತ್ತವೆ. ಮೀಟಿದ ಬೆರಳು ಪ್ರತಿ ಸಲವೂ ಪಕ್ಕದ ತಂತಿಗೆ ಬಂದು ಒರಗುತ್ತದೆ. ಹಾಗಾಗಿ ಎಷ್ಟೇ ವೇಗದಲ್ಲಿದ್ದರೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಪೂರ್ಣ ತೂಕದೊಡನೆ ಬೀಳುತ್ತದೆ. ಆ ಸುರಿಮಳೆ ಬಂದು ನಿಲ್ಲುವುದು ಹನ್ನೆರಡು ಮಾತ್ರೆಗಳ ಆವರ್ತನದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ. ಆ ನಿಲುಗಡೆ ಇಲ್ಲದಿದ್ದರೆ ವೇಗಕ್ಕೆ ಅರ್ಥವಿರುತ್ತಿರಲಿಲ್ಲ. ನಿನಗೆ ವೇಗ ಬೇಕೆಂದಿದ್ದರೆ ಇದನ್ನು ಕಲಿ: ಮೊದಲು ಕೈಯಲ್ಲಿ ತಾಳ ಹಾಕುತ್ತ ಅವರನ್ನು ಕೇಳು, ಎಲ್ಲಿ ನಿಲ್ಲುತ್ತಾರೆ ಎಂದು ಗುರುತಿಸು.

ಈಗ ನೀನು ಮಾಡಬೇಕಾದದ್ದು. ತಾಳ ಬಡಿಯುವ ಮೆಟ್ರೊನೋಮ್ ಇರಲಿ, ಅದರ ವೇಗ ತಗ್ಗಿಸು. ದಿನದ ಅಭ್ಯಾಸ ಶುರುಮಾಡುವ ಮುನ್ನ ಎರಡನೆಯ ತಂತಿಯ ಐದನೆಯ ಫ್ರೆಟ್ ಒತ್ತಿ ಒಮ್ಮೆ ಮೀಟು, ಪೂರ್ತಿ ಆರುವವರೆಗೆ ಕೇಳು. ಅದೇ ಸ್ವರವನ್ನು ಬ್ರಿಜ್ ಹತ್ತಿರ, ಆಮೇಲೆ ರಂಧ್ರದ ಮೇಲೆ, ಆಮೇಲೆ ಇನ್ನೂ ಕತ್ತಿನ ಕಡೆಗೆ ಮೀಟು. ಉಗುರಿನಿಂದ, ಬೆರಳ ಮಾಂಸದಿಂದ, ಎರಡೂ ತಾಗುವಂತೆ ಮೀಟು. ಸ್ಪೇನಿನ ಶಾಸ್ತ್ರೀಯ ಗಿಟಾರ್ ವಾದಕ ಆಂದ್ರೇಸ್ ಸೆಗೋವಿಯಾ ಆರು ತಂತಿಗಳಿಂದ ಅಷ್ಟೊಂದು ಬಣ್ಣ ತೆಗೆದದ್ದು ಮೀಟುವ ಜಾಗ ಮತ್ತು ಬೆರಳಿನ ಕೋನ ಬದಲಿಸಿ. ನೀನು ನುಡಿಸುವ ನೈಲಾನ್ ತಂತಿ ಬಳಕೆಗೆ ಬಂದುದರಲ್ಲೂ ಅವರ ಕೈಯಿದೆ. ಕರುಳಿನ ತಂತಿಗೆ ಅಭಾವವಿದ್ದ 1940ರ ದಶಕದಲ್ಲಿ ತಂತಿ ತಯಾರಕ ಆಲ್ಬರ್ಟ್ ಆಗಸ್ಟೀನ್ ಅವರೊಡನೆ ಸೇರಿ ಅದನ್ನು ರೂಢಿಗೆ ತಂದರು.

ಪಟ್ಟಿಯಿಂದ ಒಬ್ಬರನ್ನೇ ಆರಿಸಿಕೋ. ಅವರ ಒಂದು ಚಿಕ್ಕ ಸಾಲನ್ನು ಬಾಯಲ್ಲಿ ಹಾಡಲು ಬರುವವರೆಗೆ ಗಿಟಾರ್ ಮುಟ್ಟಬೇಡ. ಹಾಡಲು ಹೋದರೆ ಎಲ್ಲಿ ಕಂಪನವಿದೆ, ಎಲ್ಲಿ ತಡೆದು ಬಂದಿದ್ದಾರೆ ಎಂಬುದು ತಾನಾಗಿ ಬಯಲಾಗುತ್ತದೆ. ಬರೀ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ಬರೆದ ಹಾಳೆ) ನೋಡಿ ಕಲಿತರೆ ಅದು ಸಿಗುವುದಿಲ್ಲ. ಮಣಿಕಟ್ಟು ನೋಯುತ್ತಿದೆ ಎಂದೂ ನೀನು ಬರೆದಿದ್ದೀಯ. ನೋವು ಬಂದ ಕೂಡಲೇ ವಾದ್ಯ ಕೆಳಗಿಡು, ಅದರ ಮೇಲೆ ಹಟ ಬೇಡ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸು. ಆರಿಸಿಕೊಂಡ ಸಾಲನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ನನಗೆ ಕಳುಹಿಸು. ತಿದ್ದಿ ತೀಡಿ ಕಳುಹಿಸಬೇಕಾಗಿಲ್ಲ, ಮೊದಲ ಸಲ ನುಡಿಸಿದ್ದೇ ಇರಲಿ. ಯಾರದ್ದು ಎಂದು ಹೇಳಬೇಡ, ನಾನೇ ಗುರುತಿಸುತ್ತೇನೆ.

ಇಂತು,
ನಿನ್ನ ದೊಡ್ಡಮ್ಮ