ಮತ್ತೆ ಅದೇ ಜೇಬಿಗೆ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ನಾಲ್ಕು ದಿನದಿಂದ ದಿಂಬಿನ ಕೆಳಗೇ ಇದೆ. ಅಮ್ಮನ ಮಂಡಿನೋವು, ಮನೆ ಸಾಲ, ಎಲ್ಲ ಓದಿದೆ. ಅದಕ್ಕೆ ಇನ್ನೊಂದು ದಿನ ಬರೆಯುತ್ತೇನೆ. ಕೊನೆಯ ಪುಟದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಅದನ್ನು ಮತ್ತೆ ಅದೇ ಜೇಬಿಗೆ ಇಟ್ಟುಬಿಟ್ಟೆ ದೊಡ್ಡಮ್ಮ, ಕೇಳಿದರೆ ಅವನು ನನ್ನಿಂದ ದೂರ ಆಗಿಬಿಡ್ತಾನೆ ಅಂತ ಭಯ" ಅಂತ. ಆ ಸಾಲು ನನ್ನನ್ನು ಮಲಗಲು ಬಿಡುತ್ತಿಲ್ಲ.

ಮಗನ ಬ್ಯಾಗಿನ ಒಳಜೇಬಿನಲ್ಲಿ ಸಿಕ್ಕಿದ್ದು ಬೆರಳುದ್ದದ ಪುಟ್ಟ ಪುಸ್ತಕ, ಒಳಗೆ ತೆಳ್ಳನೆ ಹಾಳೆಗಳು ಅಂತ ಬರೆದಿದ್ದೆ. ನನಗೆ ಏನೂ ಹೊಳೆಯಲಿಲ್ಲ. ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. "ಸೊಪ್ಪು ಸುತ್ತೋದಕ್ಕೆ ಅಜ್ಜಿ" ಅಂದ. ಸೊಪ್ಪು ಅಂದರೆ ಗಾಂಜಾ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಬರೀ ತಂಬಾಕು ಸುತ್ತುವವರೂ ಇದ್ದಾರಂತೆ. ಬೇರೆಯವರದ್ದನ್ನು ಇಟ್ಟುಕೊಂಡಿರಲೂಬಹುದು. ಹಾಗಾಗಿ ನಿನ್ನ ಮಗ ಏನು ಮಾಡಿದ್ದಾನೆ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕೇಳದೆ ಗೊತ್ತಾಗುವುದೂ ಇಲ್ಲ.

ನನ್ನ ತಮ್ಮನ, ನಿನ್ನ ಮಾವನ ಕಥೆ ನಿನಗೆ ಗೊತ್ತು. ಕೊನೆಯ ದಿನಗಳನ್ನು ನೀನೇ ಕಣ್ಣಾರೆ ನೋಡಿದ್ದೀಯ. ಅದನ್ನು ಬರೆಯುವುದಿಲ್ಲ. ಅದರ ಮೊದಲನೆಯ ದಿನ ಮಾತ್ರ ನಿಮಗ್ಯಾರಿಗೂ ಗೊತ್ತಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ.

1992ರಲ್ಲಿ ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದೆ. ಅವನಿಗೆ ಆಗ 16. ಬಚ್ಚಲ ಒಲೆಗೆ ಕಟ್ಟಿಗೆ ಎಳೆಯುವಾಗ ರಾಶಿಯ ಹಿಂದೆ ಎರಡು ಸಾರಾಯಿ ಪ್ಯಾಕೆಟ್ ಕಂಡವು. ಒಂದು ಖಾಲಿ, ಒಂದು ತುಂಬಿದ್ದು. ಆಗ ಸಾರಾಯಿ ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನಿಂತಲ್ಲೇ ಕುಡಿದು ಬಿಸಾಡುತ್ತಿದ್ದರು. ಸಂತೆಯ ದಾರಿ ತುಂಬ ಅವೇ. ನಾನು ಖಾಲಿಯದನ್ನು ಒಲೆಗೆ ಹಾಕಿದೆ. ತುಂಬಿದ್ದನ್ನು ಇದ್ದ ಜಾಗದಲ್ಲೇ ಇಟ್ಟು, ಮೇಲೆ ಕಟ್ಟಿಗೆ ಮುಚ್ಚಿದೆ.

ಅಪ್ಪಯ್ಯನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾರೆ ಅನ್ನುವ ಭಯ ಒಂದು. ಇನ್ನೊಂದು ಭಯ ನಿನ್ನದೇ. ಮನೆಯಲ್ಲಿ ಅವನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ನನ್ನೊಬ್ಬಳ ಹತ್ತಿರ. ಕೇಳಿದರೆ ಅದೂ ನಿಂತುಹೋಗುತ್ತೆ ಅನ್ನಿಸಿತು.

ಎರಡಿದ್ದದ್ದು ಒಂದಾಗಿದೆ ಅಂತ ಅವನು ನೋಡಿರುತ್ತಾನಲ್ವಾ? ಅಷ್ಟೂ ನನಗೆ ಹೊಳೆಯಲಿಲ್ಲ. ಹಬ್ಬ ಮುಗಿಸಿ ಬಸ್ ಹತ್ತಿದೆ. ಆಮೇಲೆ ಬಂದಾಗಲೆಲ್ಲ ಅವನು ತೋಟದ ಕಡೆ ಹೋಗಿರುತ್ತಿದ್ದ.

2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತಲ್ಲ, ಅವತ್ತು ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ತಮ್ಮ ಉಳಿದ ಅಂದುಕೊಂಡೆ. ಅವನು ವೈನ್ ಶಾಪಿನ ಅಗ್ಗದ ವಿಸ್ಕಿಗೆ ಬಿದ್ದ. ಆಮೇಲೆ ಅದೂ ಜ್ಯೂಸ್ ಬರುವಂಥ ಸಣ್ಣ ರಟ್ಟಿನ ಪ್ಯಾಕಿನಲ್ಲಿ ಸಿಗತೊಡಗಿತು. ಈಗ ನಿನ್ನ ಮಗನ ಕಾಲಕ್ಕೆ ತೆಳ್ಳನೆ ಹಾಳೆ ಬಂದಿದೆ. ಶಿವಮೊಗ್ಗದಲ್ಲಿ ಗಾಂಜಾ ಹಿಡಿದರು ಅಂತ ಪೇಪರಿನಲ್ಲಿ ಓದುವಾಗ ಯಾರದೋ ಮನೆಯ ಸುದ್ದಿ ಅಂತ ಪುಟ ತಿರುಗಿಸುತ್ತಿದ್ದೆ.

2012ರಲ್ಲಿ ಅವನನ್ನು ಮದ್ಯವರ್ಜನ ಶಿಬಿರಕ್ಕೆ ಸೇರಿಸಿದೆವು. ಎಂಟು ದಿನ. ಒಂದು ದಿನ ಮನೆಯವರನ್ನೂ ಕರೆದಿದ್ದರು. ನಾನೇ ಹೋಗಿದ್ದೆ. ಯಾವಾಗ ಶುರುವಾಯಿತು ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. "ಬಚ್ಚಲಮನೆಯಲ್ಲಿ ಪ್ಯಾಕೆಟ್ ಇಟ್ಟಿದ್ದೆ. ಅಕ್ಕನಿಗೆ ಸಿಕ್ಕಿತ್ತು. ಇವತ್ತು ಬೈತಾಳೆ, ನಾಳೆ ಬೈತಾಳೆ ಅಂತ ಮೂರು ದಿನ ಕಾದೆ. ಅವಳು ಏನೂ ಅನ್ನದೆ ಊರಿಗೆ ಹೋದಳು." ದೂರು ಹೇಳುವ ದನಿಯೇ ಇರಲಿಲ್ಲ ಪುಟ್ಟಿ. ನಡೆದದ್ದನ್ನು ನಡೆದ ಹಾಗೆ ಹೇಳಿದ.

ನಾನು ಬೈದಿದ್ದರೆ ಬಿಡುತ್ತಿದ್ದನಾ? ಗೊತ್ತಿಲ್ಲ. ಆದರೆ ಅವನು ಮೂರು ದಿನ ಕಾದಿದ್ದ.

ನಿನ್ನ ಮಗನಿಗೂ ಗೊತ್ತಿರಬಹುದು. ಆ ವಯಸ್ಸಿನವರು ತಮ್ಮ ವಸ್ತು ಒಂದಿಂಚು ಸರಿದಿದ್ದರೂ ಕಂಡುಹಿಡಿಯುತ್ತಾರೆ. ನೀನು ಮಡಚಿ ಇಟ್ಟ ರೀತಿಯೇ ಬೇರೆ ಇರುತ್ತೆ. ನಿನ್ನ ಕಾಗದ ಬರೆದು ಇವತ್ತಿಗೆ ಎಷ್ಟು ದಿನವಾಯಿತು?

ಹೇಗೆ ಕೇಳಬೇಕು ಅಂತ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ತೋಚಿದ್ದನ್ನು ಬರೆಯುತ್ತೇನೆ. ಎದುರು ಕೂರಿಸಿಕೊಂಡು ಕೇಳಬೇಡ. ಅಳಿಯಂದಿರಿಗೆ ಮೊದಲು ಹೇಳು, ಆದರೆ ಇಬ್ಬರೂ ಒಟ್ಟಿಗೆ ಮೇಲೆ ಬೀಳಬೇಡಿ. "ನಿನ್ನ ಬ್ಯಾಗಿನಲ್ಲಿ ನೋಡಿದೆ, ಹೆದರಿದೆ, ವಾಪಸ್ ಇಟ್ಟೆ" ಅಂತ ನಿಜವನ್ನೇ ಹೇಳು. ಮೊದಲ ಸಲ ಸುಳ್ಳು ಹೇಳಿಯಾನು. ಹೇಳಲಿ. ಒಂದು ವಾರ ಬಿಟ್ಟು ಮತ್ತೆ ಕೇಳು.

ಶಿಬಿರದಲ್ಲಿ ಡಾಕ್ಟರ್ ಒಬ್ಬರು ಹೇಳಿದ್ದು ನೆನಪಿದೆ. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತಂತೆ. ಮುಂದಾಗುವುದನ್ನು ಯೋಚಿಸಿ ತಡೆಯುವ ಭಾಗವೇ ಕೊನೆಗೆ ಬಲಿಯುವುದು. ಅದಕ್ಕೇ ಎಳೆಯ ವಯಸ್ಸಿನಲ್ಲಿ ಶುರುವಾದ ಚಟ ಜಾಸ್ತಿ ಅಂಟಿಕೊಳ್ಳುತ್ತೆ ಅಂದರು. ನಿನ್ನ ಮಗನಿಗೆ ಇನ್ನೂ 15. ನನಗೆ ಧೈರ್ಯ ಬರುವುದೂ, ಎದೆ ಡವಡವ ಅನ್ನುವುದೂ ಆ 15 ನೆನೆದೇ.

ಇದನ್ನು ಬರೆಯಬೇಕೋ ಬೇಡವೋ. ತಪ್ಪು ತಿಳಿಯಬೇಡ. ಹೋದ ಸಲ ಬಂದಾಗ ಭಾನುವಾರ ಅಳಿಯಂದಿರ ಸ್ನೇಹಿತರು ಕೂತಿದ್ದರಲ್ಲ, ಐಸ್ ತರಲು ಅವನನ್ನು ಕಳಿಸಿದಿರಿ. ಅವನು ತಂದಿಟ್ಟು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ. ನಾನು ಅದನ್ನೂ ನೋಡಿ ಸುಮ್ಮನಿದ್ದೆ.

ನಿನ್ನೊಬ್ಬಳ ಕೈಯಲ್ಲಿ ಆಗದಿದ್ದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವುದಕ್ಕೆಂದೇ 14446 ಇದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ, ಆದರೆ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿದರೂ ಸಾಕು. ಆ ಹಾಳೆ ಎಲ್ಲಿ ಸಿಕ್ಕಿತು ಅಂತ ಅವನು ಹೇಳಿದರೆ ಅವನ ಗೆಳೆಯರ ಅಮ್ಮಂದಿರನ್ನೂ ಸೇರಿಸಿಕೋ. ಶಾಲೆಯಿಂದ ನೂರು ಗಜದೊಳಗೆ ಬೀಡಿ ಸಿಗರೇಟನ್ನೇ ಮಾರುವ ಹಾಗಿಲ್ಲ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಶಿಕ್ಷೆ ಇದೆ ಅಂತ ಅಂಗನವಾಡಿ ತರಬೇತಿಯಲ್ಲಿ ಹೇಳಿದ್ದರು. ಆ ಅಮ್ಮಂದಿರೂ ನಿನ್ನ ಹಾಗೇ ಏನನ್ನೋ ನೋಡಿ ವಾಪಸ್ ಇಟ್ಟಿರಬಹುದು.

ಇದೆಲ್ಲ ಆಮೇಲಿನದು. ಮೊದಲು ಅವನನ್ನು ಕೇಳು.

ಈ ಕಾಗದದ ಜೊತೆ ಹಲಸಿನ ಹಪ್ಪಳ ಕಳಿಸಿದ್ದೇನೆ. ಹಪ್ಪಳ ಕರಿಯುವಾಗ ಅವನು ಒಲೆಯ ಹತ್ತಿರ ಬಂದು ನಿಲ್ಲುತ್ತಾನಲ್ಲ, ಮೊದಲನೆಯದು ತನಗೇ ಬೇಕು ಅಂತ. ಆಗ ಕೇಳು. ನಿನ್ನ ಕಣ್ಣು ಬಾಣಲೆಯ ಮೇಲಿರಲಿ.

ಇಂತಿ,
ನಿನ್ನ ದೊಡ್ಡಮ್ಮ